ಓದುಗರ ಪ್ರಶ್ನೆ: ನಮ್ಮ ಕರಿಜಾಲಿ ವಿಕಾಸವೃಕ್ಷದಲ್ಲಿ ಏಕೆ ಕಾಣುತ್ತಿಲ್ಲ?

ಪ್ರಶ್ನೆ: ದೇವರಾಯನದುರ್ಗದ ಮರಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಎಕ್ಸೆಲ್‌ನಲ್ಲಿ ಮಾಡಿದ್ದಾರೆ. ಜೀವಿಗಳ ನಂಟನ್ನು ಒಂದೇ ವೃಕ್ಷವಾಗಿ ಜೋಡಿಸಿಟ್ಟಿರುವ ‘ಓಪನ್ ಟ್ರೀ ಆಫ್ ಲೈಫ್’ ಜಾಲತಾಣ ಬಳಸಿ ಆ ಪಟ್ಟಿಗೆ ವಿಕಾಸವೃಕ್ಷ ತೆಗೆದೆವು. ಅಕೇಶಿಯ ನಿಲೋಟಿಕ ಎಂದು ಬರೆದಿದ್ದ ಕರಿಜಾಲಿ ಅದರಲ್ಲಿ ಸಿಗಲಿಲ್ಲ. ಗುರುತು ಸಿಗದೆ ಬರೀ ‘ಫೈಕಸ್’ ಎಂದು ಬರೆದದ್ದಕ್ಕೆ ಎರಡು ಉತ್ತರ ಬಂತು. ಎಲ್ಲಿ ತಪ್ಪಿದ್ದೇವೆ?
– ಸಸ್ಯಶಾಸ್ತ್ರ ಅಧ್ಯಾಪಕರು, ತುಮಕೂರು

ಉತ್ತರ: ಕರಿಜಾಲಿ ವೃಕ್ಷದಲ್ಲೇ ಇರಬೇಕು, ಹೊಸ ಹೆಸರಿನಲ್ಲಿ ಹುಡುಕಿ. ಅಕೇಶಿಯ ಕುಲವನ್ನು ಒಡೆದಾಗ ಆ ಹೆಸರು ಆಸ್ಟ್ರೇಲಿಯದ ಗುಂಪಿಗೆ ಉಳಿಯಿತು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದ ಈ ತೀರ್ಮಾನವನ್ನು 2011ರಲ್ಲಿ ಮೆಲ್ಬರ್ನ್ ಸಮ್ಮೇಳನವೂ ಎತ್ತಿಹಿಡಿಯಿತು. ನಮ್ಮ ಕರಿಜಾಲಿ ಈಗ ವ್ಯಾಚೆಲಿಯ ನಿಲೋಟಿಕ. ಓಪನ್ ಟ್ರೀಯ ಹೆಸರು ಹೊಂದಿಸುವ ಸೇವೆ ಹಳೆಯ ಹೆಸರನ್ನು ಗುರುತಿಸಿದರೂ ವೃಕ್ಷದ ತುದಿಯಲ್ಲಿ ಚಾಲ್ತಿಯಲ್ಲಿರುವ ಹೆಸರನ್ನೇ ಕೂರಿಸುತ್ತದೆ. ಹೀಗಾಗಿ ನಿಮ್ಮ ಎಕ್ಸೆಲ್ ಹೆಸರಿಗೂ ಅದಕ್ಕೂ ತಾಳೆಯಾಗುವುದಿಲ್ಲ.

ಹೆಸರನ್ನು ಹೆಸರಿನೊಂದಿಗೆ ಜೋಡಿಸುವುದನ್ನೇ ಬಿಡಿ. ಪಟ್ಟಿಯಲ್ಲಿ ಮೂರು ಕಾಲಂ ಇರಲಿ: ನೀವು ಬರೆದ ಹೆಸರು, ಸೇವೆ ಕೊಟ್ಟ ಹೆಸರು, ಅದರ ಓಟಿಟಿ ಸಂಖ್ಯೆ (ಓಪನ್ ಟ್ರೀ ಪ್ರತಿ ಜೀವಿಗೆ ಕೊಡುವ ಗುರುತಿನ ಸಂಖ್ಯೆ). ಮುಂದಿನ ಜೋಡಣೆಯೆಲ್ಲ ಸಂಖ್ಯೆಯಿಂದಲೇ ನಡೆಯಲಿ. ಕಾಗುಣಿತ ಊಹಿಸಿ ಹೊಂದಿಸಿದ ಸಾಲುಗಳಿಗೆ ಸೇವೆ ‘ಅಂದಾಜು’ ಎಂಬ ಗುರುತು ಹಾಕಿರುತ್ತದೆ. ಅವನ್ನು ಒಂದೊಂದಾಗಿ ಕಣ್ಣಾರೆ ನೋಡಲೇಬೇಕು.

ಫೈಕಸ್ ಎಂಬುದು ಆಲ, ಅತ್ತಿ, ಅರಳಿಗಳ ಕುಲ. ಅದೇ ಹೆಸರಿನ ಕಡಲ ಬಸವನಹುಳುಗಳೂ ಇವೆ. ಸಸ್ಯ ಮತ್ತು ಪ್ರಾಣಿಗಳ ನಾಮಕರಣ ನಿಯಮಾವಳಿಗಳು ಬೇರೆಬೇರೆಯಾದ್ದರಿಂದ ಇದಕ್ಕೆ ಅಡ್ಡಿಯಿಲ್ಲ. ಹುಡುಕುವ ಮೊದಲು ವ್ಯಾಪ್ತಿಯನ್ನು ‘ನೆಲದ ಸಸ್ಯಗಳು’ ಎಂದು ಕಟ್ಟಿಹಾಕಿದರೆ ಹುಳು ಬರುವುದಿಲ್ಲ.

ಇನ್ನೊಂದು ಮುಖ್ಯ ಮಾತು: ಓಪನ್ ಟ್ರೀಯ ಸಂಯೋಜಿತ ವೃಕ್ಷ ಯಾರು ಯಾರಿಗೆ ಹತ್ತಿರ ಎಂಬುದನ್ನು ಮಾತ್ರ ಹೇಳುತ್ತದೆ, ಅದರಲ್ಲಿ ಕೊಂಬೆಗಳ ಉದ್ದ, ಅಂದರೆ ಕವಲೊಡೆದ ಮೇಲೆ ಕಳೆದ ಕಾಲ ಅಥವಾ ಆದ ಬದಲಾವಣೆಯ ಅಳತೆ, ಇಲ್ಲ. ಎಲ್ಲ ಕೊಂಬೆಗೂ 1 ಎಂದು ತುಂಬಿ ವೈವಿಧ್ಯ ಸೂಚ್ಯಂಕ ಲೆಕ್ಕ ಹಾಕಿಸಬೇಡಿ. ಬರುವ ಅಂಕಿಗೆ ಅರ್ಥವಿರುವುದಿಲ್ಲ.

ಪ್ರಶ್ನೆ: ಒಂದು ಸಂಶೋಧನಾ ಲೇಖನದಲ್ಲಿ ವೃಕ್ಷ ಬರೀ ಚಿತ್ರವಾಗಿದೆ. ಅದನ್ನು ನೋಡಿಕೊಂಡು ನಾನೇ ಟೈಪ್ ಮಾಡಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಅದು ಕೊನೆಯ ದಾರಿ. ಮೊದಲು ಲೇಖನದ ಪೂರಕ ಕಡತಗಳನ್ನೂ ಟ್ರೀಬೇಸ್, ಡ್ರಯಾಡ್ ಸಂಗ್ರಹಗಳನ್ನೂ ಜಾಲಾಡಿ. ಸಿಗದಿದ್ದರೆ ಲೇಖಕರಿಗೆ ಪತ್ರ ಬರೆದು ವೃಕ್ಷವನ್ನು ಅಕ್ಷರರೂಪದಲ್ಲಿ ಬರೆದಿಡುವ ನ್ಯೂವಿಕ್ ಅಥವಾ ನೆಕ್ಸಸ್ ಕಡತವನ್ನೂ ಅದರ ಹಿಂದಿರುವ ಡಿಎನ್ಎ ಜೋಡಣೆಯ ಕಡತವನ್ನೂ ಕೇಳಿ. ಪ್ರಕಟವಾದ ವೃಕ್ಷಗಳಲ್ಲಿ ಬಹುಪಾಲು ಚಿತ್ರವಾಗಿಯೇ ಉಳಿದುಹೋಗಿವೆ. ಅಷ್ಟೊಂದು ದುಡಿಮೆ ಇನ್ನೊಬ್ಬರ ಕೈಗೆ ಸಿಗದಂತಾಗಿರುವುದು ನಿಜಕ್ಕೂ ನೋವಿನ ಸಂಗತಿ. ಕಡತ ಸಿಕ್ಕಿದರೆ ಲೇಖಕರ ಒಪ್ಪಿಗೆ ಪಡೆದು ಓಪನ್ ಟ್ರೀಗೆ ಏರಿಸಿ. ಪ್ರವೇಶಕ್ಕೆ ಗಿಟ್‌ಹಬ್ ಖಾತೆ ಸಾಕು. ತುದಿಗಳ ಹೆಸರು ಹೊಂದಿಸಿ, ಅಧ್ಯಯನದ ಮುಖ್ಯ ಗುಂಪು ಯಾವುದೆಂದು ಗುರುತಿಸಿ. ಈ ಗುರುತು ಬಿಟ್ಟುಹೋದರೆ ಮರದ ಬುಡ ಎಲ್ಲಿದೆಯೆಂದು ಗೊತ್ತಾಗದು. ನೀವು ಮಾಡಿದ ಪ್ರತಿ ತಿದ್ದುಪಡಿಯೂ ಗಿಟ್ ಇತಿಹಾಸದಲ್ಲಿ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದವನು, ಜೀವಶಾಸ್ತ್ರ ಓದಿಲ್ಲ. ಕನ್ನಡ ಹೆಸರುಗಳಿರುವ ವೃಕ್ಷ ತೋರಿಸುವ ಮುಕ್ತ ತಂತ್ರಾಂಶಕ್ಕೆ ನಾಲ್ಕು ಗೆಳೆಯರು ಕೈ ಹಾಕಿದ್ದೇವೆ. ಎಲ್ಲಿ ಎಚ್ಚರ ಬೇಕು?
– ಓದುಗರು, ಕೋಲಾರ

ಉತ್ತರ: ನ್ಯೂವಿಕ್ ನೋಡಲು ಸುಲಭ: ((ಕಾಡುಪಾಪ,ಕೋತಿ),ಅಳಿಲು); ಎಂದರೆ ಕಾಡುಪಾಪಕ್ಕೆ ಅಳಿಲಿಗಿಂತ ಕೋತಿ ಹತ್ತಿರ. ಕೊನೆಯ ಅರ್ಧವಿರಾಮ ಬಿಟ್ಟರೆ ಕಡತ ಅಪೂರ್ಣ. ಉದ್ಧರಣ ಚಿಹ್ನೆಯಿಲ್ಲದ ಹೆಸರಿನಲ್ಲಿ ಖಾಲಿ ಜಾಗ, ಅಲ್ಪವಿರಾಮ, ಆವರಣ ಯಾವುದೂ ಇರಕೂಡದು. ಅಲ್ಲಿ ಅಡಿಗೆರೆ ಬಂದರೆ ಅದನ್ನು ಖಾಲಿ ಜಾಗವೆಂದೇ ಓದಬೇಕು.

ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ನಿಂದ ಓದಿಸಿದರೆ ಚಿಕ್ಕ ಮರಕ್ಕೆ ತೊಂದರೆಯಿಲ್ಲ. ಒಂದೇ ಬದಿಗೆ ಏಣಿಯಂತೆ ಬೆಳೆದ ಮರ ಬಂದಾಗ ಪೈತಾನ್‌ನ ಸುಮಾರು 1000 ಕರೆಗಳ ಮಿತಿ ತಾಕಿ ಪ್ರೋಗ್ರಾಂ ನಿಲ್ಲುತ್ತದೆ. ಸ್ಟ್ಯಾಕ್ ಬಳಸಿ ಬರೆಯಿರಿ. ಮೊದಲ ಪರೀಕ್ಷೆ ಇದು: ಬುಡವಿರುವ, ಪ್ರತಿ ಕವಲೂ ಎರಡಾಗಿ ಒಡೆಯುವ ಮರದಲ್ಲಿ ತುದಿಗಳು 50 ಇದ್ದರೆ ಒಳಗಿನ ಕವಲು 49, ಕೊಂಬೆ 98 ಇರಬೇಕು. ಮೂರಾಗಿ ಒಡೆಯುವ ಕವಲೂ ಒಂದೇ ಮಗುವಿರುವ ಕವಲೂ ನಿಜವಾದ ಕಡತಗಳಲ್ಲಿ ಬರುತ್ತವೆ, ಅವಕ್ಕೆ ಬೇರೆ ಪರೀಕ್ಷೆ ಇರಲಿ.

ಬೂಟ್‌ಸ್ಟ್ರ್ಯಾಪ್ ಅಂಕಿಗಳಲ್ಲಿ (ಒಂದು ಕವಲು ಎಷ್ಟು ನಂಬಲರ್ಹ ಎಂದು ಸೂಚಿಸುವ ಅಂಕಿಗಳು) ಪಳಗಿದವರೂ ಎಡವುತ್ತಾರೆ. ಕಡತದಲ್ಲಿ ಅವನ್ನು ಕವಲಿನ ಹೆಸರಿನ ಜಾಗದಲ್ಲಿ ಬರೆದಿರುತ್ತಾರೆ, ಆದರೆ ಅವು ಸೇರಿದ್ದು ಕೊಂಬೆಗೆ. ಬುಡ ಬದಲಿಸಿದಾಗ ಅಂಕಿ ಕವಲಿಗೇ ಅಂಟಿಕೊಂಡರೆ ಪಕ್ಕದ ಕೊಂಬೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ. ಮರ ನೋಡಲು ಸರಿಯಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬಾರದು. ಬುಡ ಬದಲಿಸುವ ಮುನ್ನ ಅಂಕಿಗಳನ್ನು ಕೊಂಬೆಗೆ ವರ್ಗಾಯಿಸಿ.

ಕನ್ನಡಕ್ಕೆಂದೇ ಇರುವ ತೊಡಕು ಬೇರೆ. ‘ಹೊಂಗೆ’ಯ ಒತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ, ಊತ್ವ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಹೆಸರು. ಒಳಬರುವ ಹೆಸರನ್ನೆಲ್ಲ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅದು ಇಂಥ ಜೋಡಿ ಸಂಕೇತಗಳನ್ನು ಒಂದಾಗಿಸುತ್ತದೆ. ಅಕ್ಷರಗಳ ನಡುವೆ ಅಡಗುವ ಶೂನ್ಯ ಅಗಲದ ಚಿಹ್ನೆಗಳು ಅದಕ್ಕೂ ಬಗ್ಗುವುದಿಲ್ಲ. ಅವನ್ನು ತೋರಿಸುವ ಹೆಸರಿನಲ್ಲಿ ಉಳಿಸಿ, ಹೋಲಿಸುವಾಗ ಮಾತ್ರ ತೆಗೆಯಿರಿ. ಕನ್ನಡ ಹೆಸರು ಊರೂರಿಗೆ ಬದಲಾಗುವುದರಿಂದ ಅದನ್ನು ನ್ಯೂವಿಕ್ ಒಳಗೆ ಹಾಕದೆ ಓಟಿಟಿ ಸಂಖ್ಯೆಯ ಪಕ್ಕ ಬೇರೆ ಯುಟಿಎಫ್-8 ಕಡತದಲ್ಲಿಡಿ. ಆಗ ಕೋಡ್ ಬಾರದ ಮೇಷ್ಟ್ರೂ ಒಂದು ಸಾಲು ತಿದ್ದಿ ಕಳಿಸಬಹುದು.

ಲೈಸೆನ್ಸ್ ಕಡತವನ್ನು ಮೊದಲ ದಿನವೇ ಸೇರಿಸಿ. ಹತ್ತಾರು ಜನ ಬರೆದ ಮೇಲೆ ಪ್ರತಿಯೊಬ್ಬರ ಒಪ್ಪಿಗೆ ಕೇಳುತ್ತಾ ಹೋಗುವುದು ಬಹಳ ಕಷ್ಟ.