ಅಜ್ಜಿ ಇದ್ದ ಮನೆಯ ಮಗು

ದುಡಿಯಲು ಊರು ಬಿಟ್ಟವರ ಮಕ್ಕಳಾದರೂ ಮೇಲೆ ಬರುತ್ತಾರಾ ಅಂತ ಕೇಳಿದ್ದೀರಿ. ನಮ್ಮ ಜತ್ತ ತಾಲೂಕಿನ ಮಾತು ಹೇಳುತ್ತೇನೆ. ಜಿಲ್ಲೆ ಮಹಾರಾಷ್ಟ್ರದ ಸಾಂಗ್ಲಿ, ಆದರೆ ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. 2022ರ ಗಡಿ ಗಲಾಟೆಯಲ್ಲಿ ಟಿವಿಯವರು ನಮ್ಮ ಹೆಸರು ಹೇಳಿದ್ದು ನೆನಪಿರಬಹುದು. ಆಗ ಎಲ್ಲರೂ ನೀರು, ಭಾಷೆ ಅಂತ ಕೇಳಿದರು. ಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲ ಬಿಡಿ.

ಇಲ್ಲಿ ಮಳೆ ಕಡಿಮೆ. ದೀಪಾವಳಿ ಆಸುಪಾಸಿಗೆ ಗಂಡ ಹೆಂಡತಿ ಟ್ರ್ಯಾಕ್ಟರ್ ಹತ್ತಿ ಕಬ್ಬು ಕಡಿಯಲು ಕೊಲ್ಹಾಪುರ, ಸಾತಾರಾ, ಇಲ್ಲವೇ ಬೆಳಗಾವಿ ಕಡೆ ಹೋಗುತ್ತಾರೆ. ತಿರುಗಿ ಬರುವುದು ಬೇಸಿಗೆಗೆ. ಮುಕಾದಮನ ಹತ್ತಿರ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಗುತ್ತಿಗೆದಾರನ ಹತ್ತಿರ, ಮೊದಲೇ ಉಚಲ್ ಎತ್ತಿರುತ್ತಾರೆ, ಅಂದರೆ ಮುಂಗಡ. ಜೋಡಿಗೆ ‘ಒಂದು ಕೊಯ್ತಾ’ ಅಂತ ಲೆಕ್ಕ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಒಬ್ಬರೇ ಹೋದರೆ ಅರ್ಧ ಕೊಯ್ತಾ, ಹಣವೂ ಅರ್ಧ. ಹಾಗಾಗಿ ಮಗುವಿಗೋಸ್ಕರ ತಾಯಿ ಮನೆಯಲ್ಲಿ ಉಳಿಯುವ ಮಾತೇ ಇಲ್ಲ. ಎಷ್ಟೋ ಕಡೆ ಹುಡುಗಿಯ ಮದುವೆ ಬೇಗ ಮಾಡುವುದೂ ಇದೇ ಲೆಕ್ಕದಿಂದ.

ಮಗು? ಅಜ್ಜಿ ಇದ್ದರೆ ಊರಲ್ಲಿ ಉಳಿಯುತ್ತದೆ. ಇಂಥ ಮಕ್ಕಳಿಗೆ ಊಟ ಹಾಕಿ ಓದಿಸಲು ಸರ್ಕಾರದ ‘ಹಂಗಾಮಿ ವಸತಿಗೃಹ’ ಯೋಜನೆ ಇದೆ, ಕಬ್ಬಿನ ಹಂಗಾಮಿಗಷ್ಟೇ ನಡೆಯುವಂಥದ್ದು. ಒಳ್ಳೆಯದೇ. ಆದರೆ ರಾತ್ರಿ ಜ್ವರ ಬಂದರೆ ಅಜ್ಜಿಯೇ ಬೇಕು ಅಲ್ವಾ? ಅಜ್ಜಿ ಇಲ್ಲದ ಮಗು ಟ್ರ್ಯಾಕ್ಟರ್ ಹತ್ತುತ್ತದೆ. ತಾಡಪತ್ರಿಯ ಗುಡಿಸಲು, ಕೈಯಲ್ಲಿ ತಮ್ಮ ಅಥವಾ ತಂಗಿ. ಸ್ವಲ್ಪ ದೊಡ್ಡದಾದರೆ ಕಬ್ಬಿನ ಸೋಗೆ ಕಟ್ಟುವ ಕೆಲಸ. ಕೊಲ್ಹಾಪುರದ ಕಡೆ ಶಾಲೆಗೆ ಕಳಿಸಿದರೂ ಅಲ್ಲಿ ಮರಾಠಿ, ನಮ್ಮದು ಕನ್ನಡ ಶಾಲೆಯ ಮಗು. ಮೂಲೆಯಲ್ಲಿ ಸುಮ್ನೆ ಕೂರುತ್ತದೆ. ಬೆಳಗಾವಿ ಕಡೆ ಹೋದರೆ ಶಾಲೆ ಕನ್ನಡದ್ದೇ, ಆದರೆ ಹೊಲ ಮುಗಿದ ಹಾಗೆ ಗ್ಯಾಂಗ್ ಮುಂದಿನ ಊರಿಗೆ ಹೊರಡುತ್ತದೆ.

ನಾಲ್ಕನೇ ತರಗತಿಯಲ್ಲಿ ನನ್ನ ಅಕ್ಕಪಕ್ಕ ಇಬ್ಬರು ಕೂರುತ್ತಿದ್ದರು. ಇಬ್ಬರ ಅಪ್ಪ ಅಮ್ಮನೂ ಕಬ್ಬಿಗೆ ಹೋಗುವವರೇ. ಲೆಕ್ಕದಲ್ಲಿ ಜಾಸ್ತಿ ಚುರುಕಾಗಿದ್ದವನಿಗೆ ಅಜ್ಜಿ ಇರಲಿಲ್ಲ. ಇನ್ನೊಬ್ಬ ಅಜ್ಜಿಯ ಬೈಗುಳ ತಿನ್ನುತ್ತಾ ಪದವಿ ಮುಗಿಸಿ ಸಾಂಗ್ಲಿಯಲ್ಲಿ ನೌಕರಿ ಹಿಡಿದ. ಚುರುಕಿನವನು ಈಗ ಮುಕಾದಮನ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನ ಮಗಳು ಈ ವರ್ಷ ಐದನೇ ತರಗತಿ. ಇಷ್ಟು ವರ್ಷ ಕಬ್ಬು ಕಡಿದ ಅವನ ತಾಯಿ ಈಗ ಮನೆಯಲ್ಲೇ ಇದ್ದಾಳೆ. ಮೊಣಕಾಲು ಪೂರ್ತಿ ಹೋಗಿದೆ. ಮೊಮ್ಮಗಳನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಮೊನ್ನೆ ಜಗಳ ತೆಗೆದಿದ್ದಳು.