ಕಿತ್ತಳೆ ಬಣ್ಣದ ತೋಡಿಗೆ ಸುಣ್ಣದ ಕಲ್ಲು ಸಾಕಾ?

ಪ್ರಶ್ನೆ: ನಮ್ಮ ಅಕ್ಕನ ಮಗ ಮೇಘಾಲಯದ ಜೈಂತಿಯಾ ಬೆಟ್ಟಗಳ ಕಡೆ ಕೆಲಸದಲ್ಲಿದ್ದಾನೆ. ಹಳೇ ಕಲ್ಲಿದ್ದಲು ಗಣಿ ಪಕ್ಕದ ತೋಡಿನ ಫೋಟೋ ಕಳಿಸಿದ್ದ. ನೀರು ನಮ್ಮ ಕೊಡಗಿನ ಕಿತ್ತಳೆ ಬಣ್ಣ! ಒಂದು ಮೀನೂ ಇಲ್ಲವಂತೆ. ನಾವು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನ ಹೊಂಡಕ್ಕೆ ಸುಣ್ಣ ಹಾಕಿ ಹುಳಿ ಮುರೀತೀವಿ. ಅಲ್ಲೇ ಸುಣ್ಣದ ಕಲ್ಲು ಬೇಕಾದಷ್ಟು ಸಿಗುತ್ತದಂತೆ, ತಂದು ತೋಡಿಗೆ ಸುರಿದರೆ ಮುಗೀತಲ್ವಾ?
– ಒಬ್ಬ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಶುರುವಿಗೆ ಕೆಲಸ ಮಾಡುತ್ತದೆ, ಆಮೇಲೆ ನಿಂತುಹೋಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಹೊಂಡದ ಹುಳಿ ಕಾಫಿ ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಹುದುಗಿ ಬಂದದ್ದು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸು. ಗಣಿ ನೀರಿನ ಕಥೆ ಬೇರೆ. ಕಲ್ಲಿದ್ದಲಿನ ಜೊತೆ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅಗೆದಾಗ ಅದಕ್ಕೆ ಗಾಳಿ, ನೀರು ತಗಲಿ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣವೂ ನೀರಿಗೆ ಕರಗಿ ಬರುತ್ತದೆ. ಪಿಎಚ್ 3ಕ್ಕೂ ಕೆಳಗೆ ಇಳಿಯಬಹುದು, ಮತ್ತು ಒಂದೊಂದು ಅಂಕಿ ಇಳಿದಾಗಲೂ ಹುಳಿ 10 ಪಟ್ಟು ಜಾಸ್ತಿ. ಮೇಘಾಲಯದ ಇಲಿಬಿಲ ಗಣಿಗಳಿಗೆ (ಇಲಿ ಬಿಲದಂಥ ಕಿರಿದಾದ ಸುರಂಗ ಕೊರೆದು ಕಲ್ಲಿದ್ದಲು ತೆಗೆಯುವ ಗಣಿ) ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧ ಹಾಕಿತು. ಆದರೆ ಬಿಟ್ಟುಹೋದ ಗುಂಡಿಗೆ ಮಳೆ ನೀರು ಇಳಿಯುವುದನ್ನು ಯಾರು ನಿಲ್ಲಿಸುತ್ತಾರೆ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಾಚಂಪುಳಿಗೆ (ನಮ್ಮ ಕೊಡಗಿನ ಕಪ್ಪು ಹುಳಿರಸ) ಸ್ವಲ್ಪ ನೀರು ಬೆರೆಸಿ ಮೊಟ್ಟೆ ಚಿಪ್ಪು ಹಾಕಿ (ಪಂದಿ ಕರಿಗೆ ಎತ್ತಿಟ್ಟದ್ದನ್ನು ಮುಟ್ಟಬೇಡಿ, ಮನೆಯವರು ಬಿಡಲ್ಲ). ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಚಿಪ್ಪೂ ಸುಣ್ಣದ ಕಲ್ಲೂ ಒಂದೇ ವಸ್ತು, ಹುಳಿಯನ್ನು ತಿಂದು ತಾನೂ ಕರಗುತ್ತದೆ. ಲೆಕ್ಕವೂ ಸುಲಭ: 1 ಕಿಲೋ ಗಂಧಕಾಮ್ಲಕ್ಕೆ ಹೆಚ್ಚುಕಡಿಮೆ 1 ಕಿಲೋ ಶುದ್ಧ ಸುಣ್ಣದ ಕಲ್ಲು. ಸುಟ್ಟ ಸುಣ್ಣವಾದರೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಸಾಕು, ಆದರೆ ಸುಡುವ ಖರ್ಚಿದೆಯಲ್ಲ, ಕಲ್ಲೇ ಅಗ್ಗ.

ತೊಂದರೆ ಹುಳಿಯದ್ದಲ್ಲ, ಕಬ್ಬಿಣದ್ದು. ಹುಳಿ ಇಳಿದು ಗಾಳಿಯೂ ಸೇರಿದರೆ ಕಬ್ಬಿಣ ತುಕ್ಕಿನ ಕೆಸರಾಗಿ ಕೂರುತ್ತದೆ, ನೀವು ಫೋಟೋದಲ್ಲಿ ನೋಡಿದ ಕಿತ್ತಳೆ ಬಣ್ಣ ಅದೇ. ಆ ಕೆಸರು ಕಲ್ಲಿನ ಮೈಗೇ ಅಂಟಿ ಗಟ್ಟಿಯಾಗುತ್ತದೆ, ಕೆಲವು ಸಲ ಜಿಪ್ಸಮ್ಮೂ ಸೇರಿಕೊಳ್ಳುತ್ತದೆ, ಆಮೇಲೆ ನೀರು ಕಲ್ಲಿನ ಮೇಲೆ ಸುಮ್ನೆ ಹರಿದು ಹೋಗುತ್ತದೆ ಅಷ್ಟೇ. ಲಾರಿಗಟ್ಟಲೆ ಸುರಿದರೂ ದಂಡ.

ಅದಕ್ಕೇ ಕಲ್ಲನ್ನು ಎಲ್ಲಿ, ಹೇಗೆ ಇಡುತ್ತೀರಿ ಅನ್ನುವುದು ಮುಖ್ಯ. ಒಂದು ದಾರಿ, ಕಲ್ಲು ತುಂಬಿದ ಚರಂಡಿಯನ್ನು ಮಣ್ಣಿನಲ್ಲಿ ಹೂತು, ಗಾಳಿ ತಾಗದ ಹಾಗೆ ನೀರು ಹಾಯಿಸುವುದು. ಆಗ ಕಬ್ಬಿಣ ಕರಗಿಯೇ ಇದ್ದು ಹೊರಗಿನ ಹೊಂಡಕ್ಕೆ ಬಂದ ಮೇಲೆ ಕೂರುತ್ತದೆ. ಬರುವ ನೀರಿನಲ್ಲಿ ಆಗಲೇ ಗಾಳಿ ಬೆರೆತಿದ್ದರೆ ಅಥವಾ ಅಲ್ಯುಮಿನಿಯಂ ಜಾಸ್ತಿ ಇದ್ದರೆ ಇದೂ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಕಡಿದಾದ ಇಳಿಜಾರಿನಲ್ಲಿ ಕಲ್ಲು ಹಾಸುವುದು. ನೀರಿನ ರಭಸವೇ ಕೆಸರನ್ನು ತೊಳೆಯುತ್ತಿರುತ್ತದೆ. ಬೆಟ್ಟದ ಸೀಮೆಗೆ ನನಗೆ ಇದೇ ಸರಿ ಅನ್ನಿಸುತ್ತದೆ. ನೀರಿನಲ್ಲಿ ಮ್ಯಾಂಗನೀಸ್ ಅನ್ನುವ ಲೋಹವೂ ಇದ್ದರೆ ಮಾತ್ರ ಪಿಎಚ್ 9 ದಾಟಿಸಬೇಕು, ಕಲ್ಲಿನ ಕೈಲಿ ಅದು ಆಗಲ್ಲ, ಅರಳಿಸಿದ ಸುಣ್ಣವೇ ಬೇಕು. ಯಾವುದೇ ಮಾಡಿ, ಕೆಸರು ತೆಗೆದು ಹಾಕಲು ಜಾಗ ಮೊದಲೇ ನೋಡಿಕೊಳ್ಳಬೇಕು.

ಪ್ರಶ್ನೆ: ಎಂಥ ಹುಳಿ ನೀರನ್ನೂ ಸರಿ ಮಾಡುತ್ತದೆ ಅಂತ ಒಬ್ಬರು ಜಿಯೋಲೈಟ್ ಪುಡಿ ಮಾರಿದರು. ಪಲ್ಪರ್ ಹೊಂಡಕ್ಕೆ ಹಾಕಿದೆ, ಏನೂ ಆಗಲಿಲ್ಲ. ಅದರ ಬದಲು ಬೂದಿ ಹಾಕಿದರೆ ಆಗುತ್ತದಾ?
– ಓದುಗರು, ವಿರಾಜಪೇಟೆ

ಉತ್ತರ: ದುಡ್ಡು ಹೋಯ್ತು ಅಂದುಕೊಳ್ಳಿ. ಜಿಯೋಲೈಟ್ ಲೋಹದ ಕಣಗಳನ್ನು ಹಿಡಿದು ಬದಲಿಗೆ ಸೋಡಿಯಂ, ಕ್ಯಾಲ್ಸಿಯಂ ಬಿಡುವ ಖನಿಜ. ಹುಳಿ ಇಳಿದ ಗಣಿ ನೀರಿನಲ್ಲಿ ಉಳಿದ ಚೂರುಪಾರು ಲೋಹಕ್ಕೆ ಒಳ್ಳೆಯದು. ನಿಮ್ಮ ಹೊಂಡದಲ್ಲಿ ಅದಕ್ಕೆ ಕೆಲಸವೇ ಇಲ್ಲ, ಹುಳಿ ತೀರಾ ಜಾಸ್ತಿಯಾದರೆ ಅದೇ ಕರಗಲು ಶುರುವಾಗುತ್ತದೆ. ಸೌದೆ ಒಲೆಯ ಬೂದಿಯಲ್ಲಿ ಕ್ಷಾರ ಇದೆ. ಆದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯಲ್ಲಿ, ನಮ್ಮ ದೇಶದ್ದರಲ್ಲಿ, ಸಾಮಾನ್ಯವಾಗಿ ಸುಣ್ಣದಂಶ ಕಡಿಮೆ. ನೀವು ತೋಟಕ್ಕೆ ತರಿಸುವ ಕೃಷಿ ಸುಣ್ಣವೇ ಸಾಕು, ಪಿಎಚ್ ಕಾಗದದಲ್ಲಿ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹಾಕಿ.

ಸೋಮವಾರಪೇಟೆಯವರೇ, ನಿಮ್ಮ ಅಕ್ಕನ ಮಗನಿಗೆ ಒಂದು ಮಾತು. ಆ ತೋಡಿನಲ್ಲಿ ಸುಣ್ಣದ ಕಲ್ಲು ಬಿದ್ದಿದ್ದರೆ ಒಂದನ್ನು ಎತ್ತಿ ಒಡೆಯಲು ಹೇಳಿ. ಹೊರಗೆ ತುಕ್ಕಿನ ಸಿಪ್ಪೆ, ಒಳಗೆ ಬಿಳುಪೋ ಬೂದು ಬಣ್ಣವೋ ಹಾಗೇ ಇದ್ದರೆ ಅದರ ಫೋಟೋನೂ ಕಳಿಸಲಿ.