ಹೊಟ್ಟು ತುಂಬಿದ ಚೀಲ, ಹೊಸ ಆಫರ್

ಪತ್ರ: ಎಂ.ಕಾಂ. ಮುಗಿಸಿ ಬೆಂಗಳೂರಿನ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಕೆಲಸಕ್ಕೆ ಸೇರಿ 14 ತಿಂಗಳಾಯಿತು. ಇನ್ನೊಂದು ಕಂಪನಿ ಶೇ. 35 ಹೆಚ್ಚು ಕೊಡುತ್ತೇನೆ ಅನ್ನುತ್ತಿದೆ. ನನ್ನ ಜೊತೆಗೆ ಸೇರಿದವರೆಲ್ಲ ಆಗಲೇ ಹೋದರು. ಬಿಡುವುದಕ್ಕೆ ಸರಿಯಾದ ಕಾಲ ಯಾವುದು ಸರ್?
– ದಾವಣಗೆರೆ ಕಡೆಯ ಓದುಗರು

ಉತ್ತರ: ಜಾಣರು ನೀವು. ಎಷ್ಟು ಸಿಗುತ್ತದೆ ಎಂದು ಕೇಳದೆ ಯಾವಾಗ ಎಂದು ಕೇಳಿದಿರಿ.

ಸಂಬಳ ತಿಂಗಳಿಗೆ ಸರಿಯಾಗಿ ಬರದಿದ್ದರೆ, ಕಣ್ಣಿಂದ ನೋಡದ ಅಂಗಡಿಯನ್ನು ನೋಡಿದೆನೆಂದು ಸಹಿ ಹಾಕಿಸಿಕೊಳ್ಳುತ್ತಿದ್ದರೆ ನಾಳೆಯೇ ಬಿಡಿ. ಮನೆಯಲ್ಲಿ ಕಷ್ಟವಿದೆ, ದುಡ್ಡು ಬೇಕು ಅಂದರೂ ನನ್ನ ತಕರಾರಿಲ್ಲ. ಗ್ರಾಚ್ಯುಟಿಗೋಸ್ಕರ ಐದು ವರ್ಷ ಹಲ್ಲು ಕಚ್ಚಿಕೊಂಡಿರು ಅನ್ನುವ ಹಿರಿಯರ ಪೈಕಿಯೂ ನಾನಲ್ಲ.

ಆದರೆ ಸಾಲದ ಕೆಲಸಕ್ಕೆ ಒಂದು ಗುಣವಿದೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಹತ್ತು ನಿಮಿಷದಲ್ಲಿ ಗಿರಾಕಿ ಬೈಯುತ್ತಾನೆ. ನೀವು ಪಾಸು ಮಾಡಿದ ಕೆಟ್ಟ ಸಾಲ ಮೊದಲ ವರ್ಷ ಸಾಚಾ ಮುಖ ಹೊತ್ತುಕೊಂಡಿರುತ್ತದೆ. ಎಷ್ಟೋ ಸಲ ಮೊದಲ ಕಂತುಗಳು ಆ ಸಾಲದ ದುಡ್ಡಿನಿಂದಲೇ ಬಂದಿರುತ್ತವೆ. ಆಮೇಲೆ ಒಂದು ಕಂತು ತಪ್ಪುತ್ತದೆ, ಬಾಕಿ 90 ದಿನ ದಾಟಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಅಷ್ಟು ಹೊತ್ತಿಗೆ ನಿಮ್ಮ ಕೊರಳಲ್ಲಿ ಮೂರನೇ ಕಂಪನಿಯ ಐಡಿ ಕಾರ್ಡು!

ನಮ್ಮ ಸೋದರಮಾವ ಗಂಗಾವತಿ ಕಡೆ ಬ್ಯಾಂಕಿನಲ್ಲಿ ಆಫೀಸರಾಗಿದ್ದರು. ಭತ್ತದ ದಾಸ್ತಾನಿನ ಮೇಲೆ ಒಂದು ಗಿರಣಿಗೆ ಸಾಲ ಕೊಟ್ಟಿದ್ದರು. ಮೊದಲ ವರ್ಷ ಗೋದಾಮಿಗೆ ಹೋದವರು ಸಾಲು ಎಣಿಸಿ, ಎತ್ತರಕ್ಕೆ ಗುಣಿಸಿ, ಮಾಲೀಕರು ಕೊಡಿಸಿದ ಎಳನೀರು ಕುಡಿದು ಬಂದರು. ಎರಡನೇ ವರ್ಷ ಹೋದಾಗ ಹಮಾಲನೊಬ್ಬ ಚೀಲಗಳ ಅಟ್ಟಿಯ ಮೇಲಿನಿಂದ ಒಂದನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟನಂತೆ. 75 ಕಿಲೋ ಭತ್ತದ ಚೀಲ, ಒಂದೇ ಕೈಯಲ್ಲಿ! ಮಾವ ಹತ್ತಿ ನೋಡಿದರೆ ಸುತ್ತಲಿನ ಸಾಲುಗಳಷ್ಟೇ ಭತ್ತ, ನಡುವೆಯೆಲ್ಲ ಹೊಟ್ಟು. ಅಂದಿನಿಂದ ನಿವೃತ್ತಿಯ ತನಕ ಯಾವ ಗೋದಾಮಿಗೆ ಹೋದರೂ ಮೊದಲು ಏಣಿ ಕೇಳುತ್ತಿದ್ದರು. 14ನೇ ತಿಂಗಳಿಗೆ ಅವರಿಗೆ ವರ್ಗವಾಗಿದ್ದರೆ ಎಳನೀರಷ್ಟೇ ನೆನಪಿರುತ್ತಿತ್ತು.

ನಿಮ್ಮನ್ನೊಬ್ಬರನ್ನೇ ಬೈದು ಏನು ಪ್ರಯೋಜನ? ಸಾಲ ಕೈಗೆ ಕೊಟ್ಟ ತಿಂಗಳೇ ಇನ್ಸೆಂಟಿವ್ ಎಣಿಸಿ, ವಸೂಲಿಗೆ ಬೇರೆ ಹುಡುಗರನ್ನು ಅಟ್ಟುವ ಪದ್ಧತಿ ಬಂದ ಮೇಲೆ ಯಾರು ಯಾಕೆ ನಿಲ್ಲುತ್ತಾರೆ? ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ದಿನಾ ಅದೇ ಬಾಗಿಲಿಗೆ ಬರುವ ಪಿಗ್ಮಿಯವನಿಗೆ ಯಾರ ಮನೆಯ ಹಸು ಬತ್ತಿದೆ ಎಂಬುದೂ ಗೊತ್ತಿರುತ್ತದೆ. ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಬಿಡಿ. ನನಗೀಗ ಎರಡು ವರ್ಷದಲ್ಲಿ ನಾಲ್ವರು ‘ರಿಲೇಶನ್‌ಶಿಪ್ ಮ್ಯಾನೇಜರ್’ಗಳು ಫೋನು ಮಾಡಿ ಪರಿಚಯ ಹೇಳಿಕೊಂಡಿದ್ದಾರೆ. ನಾಲ್ವರದ್ದೂ ವಿಮೆಯ ಮಾತೇ.

ಎಲ್ಲಿದ್ದೆವು? ಹಾಂ, ಆಫರ್. ಇನ್ನೊಂದು ಮಾರ್ಚ್ ದಾಟಲಿ. ನೀವು ಪಾಸು ಮಾಡಿದ ಮೊದಲ ಐವತ್ತು ಫೈಲುಗಳಲ್ಲಿ ಎಷ್ಟು ಕೆಟ್ಟವು, ಕೆಟ್ಟದ್ದು ಯಾಕೆ ಎಂದು ವಸೂಲಿ ಹುಡುಗರ ಜೊತೆ ಒಂದು ದಿನ ಬೈಕಿನಲ್ಲಿ ಹೋಗಿ ನೋಡಿ ಬನ್ನಿ. ಮುಂದಿನ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಅದು ಸಾಕು. ಅಷ್ಟರೊಳಗೇ ಹೊರಟಿರೋ, ಈ ವರ್ಷ ಇಲ್ಲಿ ಪಡೆದ ಸಂಬಳದ ವಿವರವನ್ನು ಹೊಸ ಕಂಪನಿಗೆ ತಪ್ಪದೆ ಕೊಡಿ. ಇಲ್ಲವಾದರೆ ಎರಡೂ ಕಡೆಯವರು ಅದೇ ವಿನಾಯಿತಿಯನ್ನು ಬೇರೆಬೇರೆಯಾಗಿ ಕೊಟ್ಟು ಕಡಿಮೆ ತೆರಿಗೆ ಹಿಡಿಯುತ್ತಾರೆ, ಉಳಿದದ್ದನ್ನು ರಿಟರ್ನ್ ಸಲ್ಲಿಸುವಾಗ ಬಡ್ಡಿ ಸಮೇತ ನೀವು ಕಟ್ಟಬೇಕಾದೀತು.